ಗಂಡಭೇರುಂಡ ಯಾರ ಹಕ್ಕಿ?

ನಮ್ಮ ಸಂಘದ ರಾಜ್ಯೋತ್ಸವ ಸಮಾರಂಭ ಮುಗಿದು ಎಲ್ಲರೂ ಉಪ್ಪಿಟ್ಟು, ಕೇಸರಿಬಾತಿನ ತಟ್ಟೆ ಹಿಡಿದು ನಿಂತಿದ್ದಾಗ ನಡೆದ ಒಂದು ಸಣ್ಣ ಮಾತುಕತೆ ಈ ಲೇಖನಕ್ಕೆ ಕಾರಣ. ವೇದಿಕೆಯ ಹಿಂದೆ ಕರ್ನಾಟಕ ಸರ್ಕಾರದ ಲಾಂಛನದ ದೊಡ್ಡ ಚಿತ್ರವೊಂದನ್ನು ತೂಗುಹಾಕಿದ್ದರು. ಅದನ್ನು ಕಂಡ ನನ್ನ ಮಗ, “ಅಪ್ಪ, ಇಮ್ಲಿಬನ್ ಬಸ್‌ಸ್ಟ್ಯಾಂಡಲ್ಲಿ ಬೆಂಗಳೂರು ಬಸ್ಸಿನ ಮೇಲೆ ಇರತ್ತಲ್ಲ, ಅದೇ ಹಕ್ಕಿ! ಇದು ನಮ್ಮದಲ್ವಾ?” ಎಂದು ಕೇಳಿದ. “ಹೌದು ಮರಿ, ನಮ್ಮದೇ” ಎಂದೆ.

ಪಕ್ಕದಲ್ಲಿ ಬೀದರ ಜಿಲ್ಲೆಯ ಹಿರಿಯರೊಬ್ಬರು ನಿಂತಿದ್ದರು. ಎಂಬತ್ತು ದಾಟಿದವರು, ಸಂಘದಲ್ಲಿ ಅವರನ್ನು ಎಲ್ಲರೂ ಕಾಕಾ ಎಂದೇ ಕರೆಯುವುದು. ಅವರು ನಗುತ್ತಲೇ, “ನಿಮ್ಮದು ಹೌದ್ರೀ. ಮೈಸೂರ ಮಹಾರಾಜರ ಹಕ್ಕಿ ಅದ ಅದು. ನಮ್ಮದೇನದ ಅದರಾಗ?” ಎಂದರು.

ಮಾತಿನಲ್ಲಿ ಕಹಿಯಿರಲಿಲ್ಲ, ಆದರೆ ಹುಸಿಯೂ ಇರಲಿಲ್ಲ. ನಾನು ಶಿವಮೊಗ್ಗ ಜಿಲ್ಲೆಯವನು, ಹಳೆಯ ಮೈಸೂರು ಸೀಮೆಯವನು. ಗಂಡಭೇರುಂಡ ನನಗೆ ಹುಟ್ಟಿನಿಂದ ಬಂದ ಗುರುತು. ಅದು ಯಾರದು ಎಂದು ಯೋಚಿಸುವ ಪ್ರಸಂಗವೇ ಬಂದಿರಲಿಲ್ಲ. ಕಾಕಾ ಹುಟ್ಟಿದ್ದು ನಿಜಾಮರ ರಾಜ್ಯದಲ್ಲಿ. ಶಾಲೆಯಲ್ಲಿ ಉರ್ದು, ಮನೆಯಲ್ಲಿ ಕನ್ನಡ. 1956ರ ನವೆಂಬರ್ 1ರಂದು ಅವರ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದಾಗ ಅವರು ಇನ್ನೂ ಶಾಲಾ ಬಾಲಕರು. ಅವರ ಪ್ರಶ್ನೆಗೆ ಅಂದು ನನ್ನಲ್ಲಿ ಉತ್ತರವಿರಲಿಲ್ಲ. ನಾನು ಇತಿಹಾಸದ ವಿದ್ಯಾರ್ಥಿಯಲ್ಲ, ಓದಿದ್ದು ಬಿ.ಎಸ್ಸಿ., ಮಾಡುವುದು ಕೇಂದ್ರ ಸರ್ಕಾರದ ಕಚೇರಿಯಲ್ಲಿ ಗುಮಾಸ್ತಿಕೆ. ಆದರೂ ಕೆಲವು ತಿಂಗಳು ರಜಾ ದಿನಗಳಲ್ಲಿ ಓದಿ ತಿಳಿದುಕೊಂಡದ್ದನ್ನು ಇಲ್ಲಿ ವಾಚಕರ ಮುಂದಿಡುತ್ತಿದ್ದೇನೆ.

ಮೊದಲು ಲಾಂಛನವನ್ನು ಒಮ್ಮೆ ಸರಿಯಾಗಿ ನೋಡೋಣ. ದಿನವೂ ಕಾಣುವ ವಸ್ತುವನ್ನು ನಾವು ನೋಡುವುದೇ ಕಡಿಮೆ. ನಡುವೆ ಕೆಂಪು ಬಣ್ಣದ ಗುರಾಣಿ. ಅದರಲ್ಲಿ ಬಿಳಿಯ ಗಂಡಭೇರುಂಡ. ಒಂದೇ ಒಡಲು, ಎರಡು ತಲೆ. ಒಂದು ಎಡಕ್ಕೆ, ಒಂದು ಬಲಕ್ಕೆ ನೋಡುತ್ತಿದೆ. ಗುರಾಣಿಯ ಇಕ್ಕೆಲಗಳಲ್ಲಿ ಸಿಂಹದ ಮೈ, ಆನೆಯ ಸೊಂಡಿಲು ಉಳ್ಳ ಎರಡು ಪ್ರಾಣಿಗಳು ಕಾವಲು ನಿಂತಿವೆ. ಇವನ್ನು ಕೆಲವರು ಗಜಕೇಸರಿ ಎಂದೂ ಕೆಲವರು ಶರಭ ಎಂದೂ ಕರೆಯುತ್ತಾರೆ. ಮೇಲೆ ಸಾರನಾಥದ ಸಿಂಹಗಳು, ಕೆಳಗೆ ‘ಸತ್ಯಮೇವ ಜಯತೇ’. ಸಿಂಹಗಳು ಮತ್ತು ಈ ವಾಕ್ಯ ಸ್ವಾತಂತ್ರ್ಯಾನಂತರ ಸೇರಿದವು. ಮೈಸೂರು ಅರಸರ ಕಾಲದಲ್ಲಿ ಆ ಜಾಗದಲ್ಲಿ, ಎಂದಿಗೂ ಅಂಜುವುದಿಲ್ಲ ಎಂಬ ಅರ್ಥದ ಉಪನಿಷತ್ತಿನ ಮಾತೊಂದು ಇತ್ತು. ಉಳಿದದ್ದೆಲ್ಲ ಬಹುಮಟ್ಟಿಗೆ ಮೈಸೂರು ಅರಮನೆಯದೇ. ಅಂದರೆ ಕಾಕಾ ಹೇಳಿದ್ದು ಕಣ್ಣಿಗೆ ಕಾಣುವ ಸತ್ಯ.

ಅವರ ಆಕ್ಷೇಪಣೆಯ ತೂಕ ನನಗೆ ಅರ್ಥವಾದದ್ದು ಜರ್ಮನಿಯ ಸಂಗತಿಯೊಂದನ್ನು ಓದಿದಾಗ. ಆ ದೇಶದಲ್ಲಿ ರಾಷ್ಟ್ರಕ್ಕೆ, ರಾಜ್ಯಗಳಿಗೆ ಮಾತ್ರವಲ್ಲ, ಒಂದೊಂದು ಜಿಲ್ಲೆಗೂ ಗುರಾಣಿಯ ಆಕಾರದ ಸ್ವಂತ ಲಾಂಛನವಿದೆ. 1960 ಮತ್ತು 70ರ ದಶಕಗಳಲ್ಲಿ ಪಶ್ಚಿಮ ಜರ್ಮನಿಯಲ್ಲಿ ಜಿಲ್ಲೆಗಳ ಪುನರ್ವಿಂಗಡಣೆ ನಡೆದು ಹಳೆಯ ಜಿಲ್ಲೆಗಳು ಒಂದರೊಡನೊಂದು ಕೂಡಿದವು. ಆಗ ಎಷ್ಟೋ ಕಡೆ ಹೊಸ ಗುರಾಣಿಯನ್ನು ಭಾಗ ಮಾಡಿ, ಆ ನೆಲವನ್ನು ಹಿಂದೆ ಆಳಿದವರ ಗುರುತುಗಳನ್ನು ಅಕ್ಕಪಕ್ಕದಲ್ಲಿ ಕೂರಿಸಿದರು. 1969ರಲ್ಲಿ ಎರಡು ಜಿಲ್ಲೆಗಳು ಸೇರಿ ಆದ ಮೈನ್ಸ್-ಬಿಂಗೆನ್ ಜಿಲ್ಲೆಯ ಲಾಂಛನದಲ್ಲಿ ಮೈನ್ಸಿನ ಧರ್ಮಾಧಿಕಾರಿಗಳ ಚಕ್ರವೂ ಇದೆ, ಪಾಲಟಿನೇಟ್ ಪ್ರಾಂತದ ದೊರೆಗಳ ಸಿಂಹವೂ ಇದೆ. ಅಣ್ಣತಮ್ಮಂದಿರು ಒಂದಾಗಿ ಮನೆ ಕಟ್ಟಿದಾಗ ಬಾಗಿಲ ಮೇಲೆ ಇಬ್ಬರ ಹೆಸರನ್ನೂ ಬರೆಸಿದ ಹಾಗೆ.

ನಮ್ಮಲ್ಲಿ ಹಾಗಾಗಲಿಲ್ಲ. 1956ರಲ್ಲಿ ಹಳೆಯ ಮೈಸೂರು, ಮುಂಬಯಿ ಪ್ರಾಂತದ ಕನ್ನಡ ಜಿಲ್ಲೆಗಳು, ಹೈದರಾಬಾದಿನ ಬೀದರ, ಗುಲಬರ್ಗಾ, ರಾಯಚೂರು, ಮದರಾಸಿನ ದಕ್ಷಿಣ ಕನ್ನಡ ಮತ್ತು ಕೊಳ್ಳೇಗಾಲ, ಇವುಗಳ ಜೊತೆಗೆ ಕೊಡಗು, ಎಲ್ಲವೂ ಕೂಡಿದವು. ಹೆಸರು ಮಾತ್ರ ಮೈಸೂರು ಎಂದೇ ಉಳಿಯಿತು, ಲಾಂಛನವೂ ಮೈಸೂರಿನದೇ ಉಳಿಯಿತು. ಹೆಸರಿನ ವಿಷಯವಾಗಿ ಉತ್ತರದವರಿಗಿದ್ದ ಅಸಮಾಧಾನ 17 ವರ್ಷಗಳ ಅನಂತರ, 1973ರ ನವೆಂಬರ್ 1ರಂದು ದೇವರಾಜ ಅರಸರು ಮುಖ್ಯಮಂತ್ರಿಯಾಗಿದ್ದಾಗ ಕರ್ನಾಟಕ ಎಂಬ ನಾಮಕರಣದಿಂದ ಶಮನವಾಯಿತು. ಹಕ್ಕಿ ಮಾತ್ರ ಕುಳಿತಲ್ಲೇ ಕುಳಿತಿತ್ತು. ಅದೂ ಹೆಸರಿನ ಹಾಗೆ ಒಂದು ಸೀಮೆಯ ಸ್ವತ್ತೇ? ಅಥವಾ ಎಲ್ಲರಿಗೂ ಸೇರಿದ್ದೇ? ಪ್ರಶ್ನೆ ಇಷ್ಟು.

ಕಾಕಾ ಅವರ ಹಿರಿಯರು ಯಾವ ಗುರುತಿನಡಿ ಬಾಳಿದರು ಎಂಬುದನ್ನೂ ಇಲ್ಲಿ ಹೇಳಬೇಕು. ಅಸಫ್‌ಜಾಹಿ ಅರಸರ ಹಳದಿ ಧ್ವಜದ ನಡುವೆ ಒಂದು ದುಂಡನೆಯ ಬಿಲ್ಲೆ ಇರುತ್ತಿತ್ತು. ಅದು ಸೂರ್ಯನೂ ಅಲ್ಲ, ಚಂದ್ರನೂ ಅಲ್ಲ. ಅದು ಕುಲ್ಚಾ ರೊಟ್ಟಿ! ವಂಶದ ಮೂಲಪುರುಷ ನಿಜಾಮ್-ಉಲ್-ಮುಲ್ಕ್ ಒಮ್ಮೆ ಹಸಿದು ಸೂಫಿ ಸಂತರೊಬ್ಬರಲ್ಲಿಗೆ ಹೋದಾಗ ಅವರು ಕುಲ್ಚಾ ಬಡಿಸಿದರಂತೆ. ಈತ ಏಳನ್ನು ತಿಂದು ಸಾಕೆಂದನಂತೆ. ನಿನ್ನ ವಂಶದ ಏಳು ಮಂದಿ ಆಳುತ್ತಾರೆ ಎಂದು ಸಂತರು ಹರಸಿದರಂತೆ. ಇದು ಐತಿಹ್ಯ. 1724ರಲ್ಲಿ ಆರಂಭವಾದ ಆ ಆಳ್ವಿಕೆ ಏಳನೆಯ ನಿಜಾಮರೊಡನೆ 1948ರ ಸೆಪ್ಟೆಂಬರಿನಲ್ಲಿ ಕೊನೆಗೊಂಡದ್ದಂತೂ ಇತಿಹಾಸ. ಮಹತ್ತೆಲ್ಲವೂ ದೇವರದೇ ಎಂಬ ಅರ್ಥದ ಅರಬ್ಬೀ ಮಾತು ಆ ಧ್ವಜದ ಮೇಲಿತ್ತು. ಅನ್ನವನ್ನೇ ಗುರುತಾಗಿ ಹೊತ್ತ ಧ್ವಜ ಜಗತ್ತಿನಲ್ಲಿ ಹೆಚ್ಚು ಸಿಗಲಿಕ್ಕಿಲ್ಲ. ರಾಜ್ಯ ಹೋಯಿತು, ಧ್ವಜವೂ ಹೋಯಿತು. ಕಾಕಾ ಅವರ ಪಾಲಿಗೆ ಹಳೆಯ ಗುರುತು ಅಳಿದಿತ್ತು, ಹೊಸದು ಪರಕೀಯವಾಗಿ ತೋರುತ್ತಿತ್ತು.

ಇನ್ನು ಹಕ್ಕಿಯ ಜಾಡು ಹಿಡಿಯೋಣ. ಹಳಗನ್ನಡದಲ್ಲಿ ಗಂಡ ಎಂದರೆ ಪತಿ ಎಂಬುದಕ್ಕಿಂತ ಮೊದಲು ಶೂರ, ಮೀರಿದವನನ್ನು ಅಡಗಿಸುವವನು ಎಂದರ್ಥ. ವಿಜಯನಗರದ ಅರಸರು ‘ಮೂರುರಾಯರ ಗಂಡ’ರು, ಮೈಸೂರಿನ ಒಡೆಯರು ‘ಬಿರುದೆಂತೆಂಬರ ಗಂಡ’ರು. ಭೇರುಂಡ ಎಂಬುದು ಕಥೆಗಳಲ್ಲಿ ಬರುವ ಎರಡು ತಲೆಯ ಹಕ್ಕಿ. ಸೇರಿಸಿ ಓದಿದರೆ ಪರಾಕ್ರಮಿಯಾದ ಭೇರುಂಡ. ವೈಷ್ಣವ ಸಂಪ್ರದಾಯದಲ್ಲಿ ಇದು ವಿಷ್ಣುವಿನ ರೂಪ: ನರಸಿಂಹನನ್ನು ಅಡಗಿಸಲು ಶಿವನು ಶರಭನಾದ, ಆ ಶರಭನನ್ನು ಎದುರಿಸಲು ನರಸಿಂಹನು ಗಂಡಭೇರುಂಡನಾದ. ಶೈವರು ಕಥೆಯನ್ನು ಶರಭನ ಜಯದಲ್ಲೇ ಮುಗಿಸುತ್ತಾರೆ. ಆ ವಾದ ನಮಗೆ ಬೇಡ.

ಇದೇ ಬಲಾಬಲದ ವಿಚಾರವನ್ನು ಬೇಲೂರಿನ ಶಿಲ್ಪಿ ಚೆನ್ನಕೇಶವ ದೇವಾಲಯದಲ್ಲಿ ಕಲ್ಲಿನಲ್ಲಿ ಬರೆದಿಟ್ಟಿದ್ದಾನೆ. 1117ರಲ್ಲಿ ವಿಷ್ಣುವರ್ಧನನು ಪ್ರತಿಷ್ಠೆ ಮಾಡಿಸಿದ ದೇವಾಲಯ ಅದು. ಜಿಂಕೆಯನ್ನು ಹೆಬ್ಬಾವು ಹಿಡಿದಿದೆ; ಹೆಬ್ಬಾವನ್ನು ಆನೆ ಎತ್ತಿದೆ; ಆನೆಯ ಮೇಲೆ ಸಿಂಹ ಎರಗಿದೆ; ಸಿಂಹವನ್ನು ಶರಭ ನುಂಗುತ್ತಿದೆ; ಶರಭವನ್ನು ಗಂಡಭೇರುಂಡ ಹರಿಯುತ್ತಿದೆ. ನಾವು ಬಿ.ಎಸ್ಸಿ. ತರಗತಿಯಲ್ಲಿ ಆಹಾರ ಸರಪಳಿ ಎಂದು ಓದಿದ್ದೇ ಇದು, ಕೊನೆಯ ಎರಡು ಪ್ರಾಣಿಗಳನ್ನು ಬಿಟ್ಟರೆ! ಪ್ರತಿ ಬಲಕ್ಕೂ ಮೇಲೊಂದು ಬಲವಿದೆ ಎಂಬ ತಿಳಿವಳಿಕೆ ಅಲ್ಲಿದೆ. ಅರಸರು ಸರಪಳಿಯ ಕಟ್ಟಕಡೆಯ ಪ್ರಾಣಿಯನ್ನು ತಮಗೆ ಆರಿಸಿಕೊಂಡರು. ಲಾಂಛನದ ಇಕ್ಕೆಲದ ಪ್ರಾಣಿಗಳನ್ನು ಶರಭಗಳೆಂದು ಎಣಿಸಿದರೆ ಅದರ ಅರ್ಥ ಇನ್ನೂ ಸ್ಪಷ್ಟ: ಸೋತವರೇ ಕಾವಲಿಗೆ ನಿಂತಿದ್ದಾರೆ.

ಬೇಲೂರಿಗಿಂತಲೂ 70 ವರ್ಷ ಹಿಂದಿನ ಗಂಡಭೇರುಂಡವೊಂದು ನಮ್ಮ ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವೆಯಲ್ಲಿದೆ. ನಾನು ಚಿಕ್ಕಂದಿನಲ್ಲಿ ಶಾಲೆಯ ಮಕ್ಕಳೊಡನೆ ಹೋಗಿ ಅದನ್ನು ನೋಡಿದ್ದೇನೆ. ಸುಮಾರು 30 ಅಡಿ ಎತ್ತರದ ಕಲ್ಲಿನ ಕಂಬ. ತುದಿಯಲ್ಲಿ ಮನುಷ್ಯನ ಮೈ, ಹಕ್ಕಿಯ ಎರಡು ತಲೆ ಉಳ್ಳ ಮೂರ್ತಿ. ಕತ್ತು ನೋಯುವಷ್ಟು ಹೊತ್ತು ಮೇಲೆ ನೋಡಿದ್ದು ನೆನಪಿದೆ. ಮೇಷ್ಟರು ಹೇಳಿದ ಇಸವಿ ಆಗ ತಲೆಗೆ ಹೋಗಲಿಲ್ಲ. ಈಗ ಅದೇ ಇಸವಿ ನನಗೆ ಮುಖ್ಯವಾಯಿತು.

ಅಲ್ಲಿನ ಶಾಸನದ ಪ್ರಕಾರ ಆ ಕಂಬವನ್ನು ಜಗದೇಕಮಲ್ಲೇಶ್ವರ ದೇವರ ಮುಂದೆ ನಿಲ್ಲಿಸಿದವನು ಮಹಾಮಂಡಲೇಶ್ವರ ಚಾಮುಂಡರಾಯರಸ, ಕಾಲ 1047. ಅವನು ಬನವಾಸಿ ನಾಡನ್ನು ಆಳುತ್ತಿದ್ದ. ಬಳ್ಳಿಗಾವೆ ಆ ನಾಡಿನ ಮುಖ್ಯ ಪಟ್ಟಣ. ಭೇರುಂಡವೆಂಬ ಹೆಸರು ಎಷ್ಟು ಬಳಕೆಗೆ ಬಂತೆಂದರೆ, ಹೊಲಗದ್ದೆ ಅಳೆಯುವ ಕೋಲಿಗೂ ‘ಭೇರುಂಡ ಗಳೆ’ ಎಂಬ ಹೆಸರು ಶಾಸನಗಳಲ್ಲಿ ಕಾಣುತ್ತದೆ. ರೈತನ ಹೊಲದ ಅಳತೆಯವರೆಗೂ ಇಳಿದು ಬಂದ ಹಕ್ಕಿ ಅದು.

ಚಾಮುಂಡರಾಯರಸ ಮಹಾಮಂಡಲೇಶ್ವರ, ಅಂದರೆ ಸಾಮಂತ. ಅವನ ಮೇಲಿನ ಚಕ್ರವರ್ತಿ ಯಾರು? ಚಾಲುಕ್ಯರ ತ್ರೈಲೋಕ್ಯಮಲ್ಲ ಒಂದನೆಯ ಸೋಮೇಶ್ವರ. ಕಂಬದ ಮುಂದಿನ ದೇವರಿಗೆ ಹೆಸರು ಬಂದಿರುವುದು ಸೋಮೇಶ್ವರನ ತಂದೆ ಜಗದೇಕಮಲ್ಲ ಜಯಸಿಂಹನಿಂದ. ಈ ಸೋಮೇಶ್ವರನೇ ಮಾನ್ಯಖೇಟದಿಂದ, ಎಂದರೆ ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡದಿಂದ, ರಾಜಧಾನಿಯನ್ನು ಕಲ್ಯಾಣಕ್ಕೆ ತಂದವನು. ಆ ಕಲ್ಯಾಣವೇ ಬೀದರ ಜಿಲ್ಲೆಯ ಇಂದಿನ ಬಸವಕಲ್ಯಾಣ. ಅದು ನಮ್ಮ ಕಾಕಾ ಅವರ ತಾಲ್ಲೂಕು!

ಇದನ್ನು ಓದಿದ ರಾತ್ರಿ ನಾನು ಪುಸ್ತಕ ಮುಚ್ಚಿ ಬಹಳ ಹೊತ್ತು ಸುಮ್ಮನೆ ಕುಳಿತೆ. ನನ್ನ ಊರಿನ ಕಂಬವನ್ನು ನೆಡಿಸಿದವನು ಕಾಕಾ ಅವರ ಊರಿನ ಸಿಂಹಾಸನಕ್ಕೆ ಕಪ್ಪ ಸಲ್ಲಿಸುತ್ತಿದ್ದವನು. ಆಗ ಒಡೆಯರ ಮೈಸೂರು ಇನ್ನೂ ಹುಟ್ಟಿರಲಿಲ್ಲ. ವಿಜಯನಗರಕ್ಕೂ ಇನ್ನು 300 ವರ್ಷ ಬಾಕಿಯಿತ್ತು. ಬಳ್ಳಿಗಾವೆಗೂ ಕಲ್ಯಾಣಕ್ಕೂ ನಡುವೆ ದಾರಿ ಎಷ್ಟು ಸವೆದಿತ್ತೆಂಬುದಕ್ಕೆ ಮತ್ತೊಂದು ಸಾಕ್ಷಿ ನಮ್ಮೆಲ್ಲರಿಗೂ ಗೊತ್ತು. ಮುಂದಿನ ಶತಮಾನದಲ್ಲಿ ಕಲ್ಯಾಣದ ಅನುಭವ ಮಂಟಪದ ಶೂನ್ಯಪೀಠವನ್ನೇರಿದ ಅಲ್ಲಮಪ್ರಭು ಬಳ್ಳಿಗಾವೆಯವರೆಂದೇ ಪ್ರತೀತಿ.

ಒಂದು ಮಾತನ್ನು ಪ್ರಾಮಾಣಿಕವಾಗಿ ಹೇಳಬೇಕು. ಗಂಡಭೇರುಂಡ ಚಾಲುಕ್ಯರ ರಾಜಲಾಂಛನವಾಗಿರಲಿಲ್ಲ. ಅವರದು ವರಾಹ. ಕದಂಬರದು ಸಿಂಹ, ರಾಷ್ಟ್ರಕೂಟರದು ಗರುಡ, ಹೊಯ್ಸಳರದು ಹುಲಿಯನ್ನು ಇರಿಯುವ ಸಳ. ವಿಜಯನಗರದವರೂ ವರಾಹವನ್ನೇ ಹಿಡಿದರು. ಹಿಂದೆ ನಮ್ಮಲ್ಲಿ ಹೊನ್ನಿನ ನಾಣ್ಯಕ್ಕೆ ವರಾಹ ಎನ್ನುತ್ತಿದ್ದುದು ಈ ಗುರುತಿನಿಂದಲೇ. ಚಾಲುಕ್ಯರ ಸಾಮಂತರಾಗಿ ಬೆಳೆದ ಓರುಗಲ್ಲಿನ ಕಾಕತೀಯರೂ ವರಾಹವನ್ನು ಇಟ್ಟುಕೊಂಡರು. ಆ ಕಾಕತೀಯರ ತೋರಣವನ್ನು, ಚಾರ್‌ಮಿನಾರನ್ನು ಸೇರಿಸಿಯೇ 2014ರಲ್ಲಿ ತೆಲಂಗಾಣ ರಾಜ್ಯ ತನ್ನ ಲಾಂಛನವನ್ನು ರೂಪಿಸಿಕೊಂಡಿತು. 2024ರಲ್ಲಿ ಅದನ್ನು ಬದಲಿಸುವ ಮಾತು ಬಂದಾಗ ಈ ಊರಿನಲ್ಲಿ ಎದ್ದ ಗದ್ದಲ ವಾಚಕರಿಗೆ ನೆನಪಿರಬಹುದು. ಕಾಗದದ ಮೂಲೆಯ ಚಿತ್ರವೆಂದು ಕಡೆಗಣಿಸುವಂತಿಲ್ಲ. ಜನರ ಮನಸ್ಸು ಅದರಲ್ಲಿ ಸಿಕ್ಕಿಕೊಂಡಿರುತ್ತದೆ.

ಬಳ್ಳಿಗಾವೆಯಿಂದ ಮುಂದೆ ಹಕ್ಕಿ ನಾಡೆಲ್ಲ ಹಾರಿತು. ವಿಜಯನಗರದ ಅಚ್ಯುತರಾಯನ (1529–1542) ಹೊನ್ನಿನ ನಾಣ್ಯಗಳ ಮೇಲೆ ಅದು ಕೊಕ್ಕುಗಳಲ್ಲಿ, ಉಗುರುಗಳಲ್ಲಿ ಆನೆಗಳನ್ನು ಹಿಡಿದಿದೆ. ಕೆಳದಿಯ ರಾಮೇಶ್ವರ ದೇವಾಲಯದ ಒಳಮಾಡಿನಲ್ಲಿ ಅದನ್ನು ಕೆತ್ತಿದ್ದಾರೆ. ಇನ್ನೂ ಸೋಜಿಗವೆಂದರೆ, ಮಹಾರಾಷ್ಟ್ರದ ಅಮರಾವತಿ ಜಿಲ್ಲೆಯಲ್ಲಿರುವ ಗಾವಿಲ್‌ಗಢ ಕೋಟೆಯ ಬಾಗಿಲಲ್ಲೂ ಆನೆಗಳನ್ನು ಹಿಡಿದ ಎರಡು ತಲೆಯ ಹಕ್ಕಿ ಇದೆ. ಅದು ಬೀರಾರಿನ ಇಮಾದ್‌ಶಾಹಿ ಸುಲ್ತಾನರ ಕೋಟೆ. ಆ ವಂಶವನ್ನು ಸ್ಥಾಪಿಸಿದ ಫತೇಉಲ್ಲಾ ಇಮಾದ್-ಉಲ್-ಮುಲ್ಕ್ ಹುಟ್ಟಿನಿಂದ ವಿಜಯನಗರದ ಕನ್ನಡಿಗ. ಬಾಲ್ಯದಲ್ಲಿ ಬಹಮನಿ ಸೈನ್ಯಕ್ಕೆ ಸೆರೆಸಿಕ್ಕು ಮುಸಲ್ಮಾನನಾಗಿ ಬೆಳೆದವನು. ದಖ್ಖನಿನಲ್ಲಿ ಧರ್ಮ, ಭಾಷೆ, ಗಡಿ ಎಷ್ಟು ಬದಲಾದರೂ ಕಲ್ಲುಕುಟಿಗನ ಉಳಿ ಈ ಹಕ್ಕಿಯನ್ನು ಮರೆಯಲಿಲ್ಲ.

ವಿಜಯನಗರದ ನೆರಳಲ್ಲಿ ಬೆಳೆದ ಮೈಸೂರಿನ ಒಡೆಯರು ಅದನ್ನು ರಾಜಲಾಂಛನ ಮಾಡಿಕೊಂಡರು. ಟಿಪ್ಪುವಿನ ಕಾಲದಲ್ಲಿ ಹುಲಿಯ ಪಟ್ಟೆ ಮುಂದೆ ಬಂತು. 1799ರ ಅನಂತರ ಒಡೆಯರ ಆಳ್ವಿಕೆ ಮರಳಿತು. ಅರಮನೆಯಿಂದ ಅದು 1916ರಲ್ಲಿ ಸ್ಥಾಪನೆಯಾದ ಮೈಸೂರು ವಿಶ್ವವಿದ್ಯಾನಿಲಯದ ಮುದ್ರೆಗೆ, ಸರ್ಕಾರಿ ಕಾಗದಕ್ಕೆ, ಸಾರಿಗೆ ಸಂಸ್ಥೆಯ ಬಸ್ಸಿಗೆ ಬಂತು. 2018ರಲ್ಲಿ ಕರ್ನಾಟಕ ಸರ್ಕಾರ ಕೇಂದ್ರದ ಒಪ್ಪಿಗೆಗಾಗಿ ರೂಪಿಸಿದ ನಾಡಧ್ವಜದ ನಡುವೆಯೂ ಇದೇ ಲಾಂಛನವಿತ್ತು. ಮೈಸೂರಿನವರು ಈ ಹಕ್ಕಿಯನ್ನು ಸಾಕಿದರು, ಉಳಿಸಿದರು. ಆ ಋಣವನ್ನು ಮರೆಯುವಂತಿಲ್ಲ. ಆದರೆ ಸಾಕಿದವರು ಬೇರೆ, ಹೆತ್ತವರು ಬೇರೆ.

ಎರಡು ತಲೆಯ ಹಕ್ಕಿ ನಮ್ಮಲ್ಲಿ ಮಾತ್ರ ಇದೆ ಎಂದು ಯಾರೂ ಬೀಗಬೇಕಾಗಿಲ್ಲ. ಇಂದಿನ ತುರ್ಕಿಯ ನೆಲದಲ್ಲಿ ಹಿಟ್ಟೈಟರು 3000 ವರ್ಷಗಳಿಗೂ ಹಿಂದೆಯೇ ಅದನ್ನು ಕಲ್ಲಿನಲ್ಲಿ ಕೆತ್ತಿದರು. ತಕ್ಷಶಿಲೆಯ ಸಿರ್ಕಪ್ಪಿನ ಒಂದು ಸ್ತೂಪದ ಮೇಲೆ ಅದಿದೆ. ಪವಿತ್ರ ರೋಮನ್ ಚಕ್ರವರ್ತಿಗಳು 1433ರಿಂದ ಅದನ್ನು ಹಿಡಿದರು. ಜರ್ಮನಿಯ ಲ್ಯೂಬೆಕ್ ನಗರದ ಲಾಂಛನದಲ್ಲಿ ಅದು ಉಳಿದಿದೆ. ರಷ್ಯಾ 1993ರಲ್ಲಿ ಮತ್ತೆ ಅದನ್ನೇ ತಂದುಕೊಂಡಿತು. ಅಲ್ಲಿ ಬಹುಮಟ್ಟಿಗೆ ಅದು ಹದ್ದು, ಸಾಮ್ರಾಜ್ಯದ ಗುರುತು. ನಮ್ಮದು ಆನೆಯನ್ನೇ ಎತ್ತುವ, ಯಾವ ಕಾಡಿನಲ್ಲೂ ಇಲ್ಲದ ಹಕ್ಕಿ.

ಈ ವಿಷಯವನ್ನೆಲ್ಲ ಬರೆದುಕೊಂಡು ಒಂದು ಭಾನುವಾರ ಕಾಕಾ ಅವರ ಮನೆಗೆ ಹೋದೆ. ಚಹಾ ಕುಡಿಯುತ್ತ ತಾಳ್ಮೆಯಿಂದ ಕೇಳಿದರು. ಇಸವಿಯನ್ನು ಎರಡು ಸಲ ಹೇಳಿಸಿಕೊಂಡರು.

“ಹಂಗಾದರ ಆ ಹಕ್ಕಿ ಗೂಡು ನಮ್ಮ ಕಲ್ಯಾಣದಾಗ ಇತ್ತಂತೀರೇನು?”

“ಹಾಗೆ ಹೇಳಲಾರೆ ಕಾಕಾ. ಗೂಡು ಬಳ್ಳಿಗಾವೆಯಲ್ಲಿತ್ತು. ಕಲ್ಯಾಣದ ಧ್ವಜದಲ್ಲಿ ಇದ್ದದ್ದು ವರಾಹ.”

“ಇರಲಿ ಬಿಡ್ರಿ. ಗಿಡ ನಿಮ್ಮದು, ನೆರಳು ನಮ್ಮದು,” ಎಂದರು. ಸ್ವಲ್ಪ ತಡೆದು, “ಇದನ್ನ ಯಾರೂ ನಮಗ ಸಾಲ್ಯಾಗ ಹೇಳಲಿಲ್ಲ ನೋಡ್ರಿ. ಐವತ್ತಾರರಾಗೇ ಹೇಳಿದ್ದರ ಚಲೋ ಇತ್ತು,” ಎಂದರು.

ಆ ಮಾತು ನನ್ನ ಮನಸ್ಸಿನಲ್ಲಿ ಉಳಿದಿದೆ. 2019ರಲ್ಲಿ ಹೈದರಾಬಾದ್ ಕರ್ನಾಟಕಕ್ಕೆ ಕಲ್ಯಾಣ ಕರ್ನಾಟಕ ಎಂದು ಹೆಸರಾಯಿತು, ಒಳ್ಳೆಯದೇ ಆಯಿತು. ಆದರೆ ಹೆಸರಿಟ್ಟ ಮಾತ್ರಕ್ಕೆ ಸಾಲದು. ಕೂಡಿ ಬಂದವರಿಗೆ, ಇದು ನಿಮ್ಮದೂ ಹೌದು ಎಂದು ತಿಳಿಸಿ ಹೇಳುವ ಕೆಲಸ ಉಳಿದಿರುತ್ತದೆ. ಜರ್ಮನರು ಅದನ್ನು ಗುರಾಣಿಯ ಮೇಲೆ ಚಿತ್ರ ಬರೆದು ಹೇಳಿದರು. ನಾವು ಪಾಠ ಹೇಳಿ, ಬರೆದು ತಿಳಿಸಬೇಕಾಗಿತ್ತು.

ಪಂಚತಂತ್ರದಲ್ಲಿ ಎರಡು ತಲೆ, ಒಂದೇ ಹೊಟ್ಟೆಯ ಹಕ್ಕಿಯ ಕಥೆಯಿದೆ. ಒಂದು ತಲೆಗೆ ಸಿಹಿ ಹಣ್ಣು ಸಿಕ್ಕಿತು, ಇನ್ನೊಂದಕ್ಕೆ ಪಾಲು ಕೊಡಲಿಲ್ಲ. ಸಿಟ್ಟಿಗೆದ್ದ ಇನ್ನೊಂದು ತಲೆ ವಿಷದ ಹಣ್ಣು ತಿಂದಿತು. ಹೊಟ್ಟೆ ಒಂದೇ ಆದ್ದರಿಂದ ಎರಡೂ ಸತ್ತವು. ಲಾಂಛನ ನೋಡಿದಾಗ ಶೌರ್ಯದ ಜೊತೆಗೆ ಈ ಕಥೆಯನ್ನೂ ನೆನೆಯುವುದು ಕ್ಷೇಮ. ಹೊರನಾಡಿನಲ್ಲಿರುವ ನಮಗಂತೂ ದಕ್ಷಿಣ, ಉತ್ತರ ಎಂಬ ಭೇದ ಬಹಳ ದಿನ ನಿಲ್ಲುವುದಿಲ್ಲ. ಸಂಘದ ಪಂಕ್ತಿಯಲ್ಲಿ ಮುದ್ದೆಯ ಪಕ್ಕದಲ್ಲೇ ಜೋಳದ ರೊಟ್ಟಿ ಬರುತ್ತದೆ.

ಮೊನ್ನೆ ಕಾಕಾ ನನ್ನ ಮಗನನ್ನು ಕರೆದು, ಬಳ್ಳಿಗಾವೆಯ ಕಂಬದ ಚಿತ್ರವೊಂದನ್ನು ತನಗೂ ಬರೆದು ಕೊಡು ಎಂದು ಕೇಳಿದರು. ಅವನು ಬರೆದು ಕೊಟ್ಟ. ಕೆಳಗೆ ‘ನಮ್ಮ ಹಕ್ಕಿ, 1047’ ಎಂದು ಬರೆದಿದ್ದ. ಈ ಸಲ ಕಾಕಾ ತಿದ್ದಲಿಲ್ಲ.